94ರಲ್ಲೇ ನಿಂತಿದ್ದ ಇಂಟರ್ನೆಟ್

ನಮ್ಮ ಮನೆ ತುಮಕೂರಿನ ಎಸ್.ಎಸ್. ಪುರಂನಲ್ಲಿದೆ. ನಮ್ಮ ಮನೆಯವರು ಮದುವೆ, ಗೃಹಪ್ರವೇಶ, ನಾಮಕರಣಗಳಿಗೆ ವಿಡಿಯೊ ಮಾಡಲು ಹೋಗುತ್ತಾರೆ. ಅವರು ತಂದದ್ದನ್ನು ಕೂತು ಎಡಿಟ್ ಮಾಡುವವಳು ನಾನು. ಮಹಡಿಯ ಚಿಕ್ಕ ರೂಮಿನಲ್ಲಿ ನನ್ನ ಕಂಪ್ಯೂಟರ್ ಇದೆ. ಇಂಟರ್ನೆಟ್ ಬಾಕ್ಸ್ ಕೆಳಗೆ ಹಾಲ್‌ನಲ್ಲಿ, ಟಿವಿ ಪಕ್ಕ. ಎರಡರ ನಡುವೆ ಗೋಡೆಯೊಳಗೆ ಒಂದು ಲ್ಯಾನ್ ಕೇಬಲ್ ಓಡಿದೆ. 2013ರಲ್ಲಿ ಮನೆ ಕಟ್ಟುವಾಗಲೇ ಪೈಪಿನಲ್ಲಿ ಎಳೆಸಿದ್ದು. ಎರಡು ತುದಿಯಲ್ಲೂ ಗೋಡೆಗೆ ಸಾಕೆಟ್ ಇದೆ. ಅಲ್ಲಿಂದ ಚಿಕ್ಕ ವೈರ್ ಹಾಕಿಕೊಂಡರೆ ಆಯಿತು.

ಒಂದು ಮದುವೆ ಅಂದರೆ 60 ಜಿಬಿ ಸುಲಭವಾಗಿ ಆಗುತ್ತದೆ. ಅದನ್ನು ಬೆಂಗಳೂರಿನಲ್ಲಿ ಕಲರ್ ಸರಿ ಮಾಡುವವರಿಗೆ ಕಳಿಸಬೇಕು. ಮೊದಲೆಲ್ಲ ಹಾರ್ಡ್ ಡಿಸ್ಕ್ ಹಿಡಿದುಕೊಂಡು ಇವರೇ 70 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಕೊಟ್ಟು ಬರುತ್ತಿದ್ದರು. ಆಮೇಲೆ 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್ ವೇಗದ ಫೈಬರ್ ಹಾಕಿಸಿದೆವು. ಓಡಾಟ ತಪ್ಪಿತು. ಈ ವರ್ಷ ವೈಶಾಖದಲ್ಲಿ ಕೆಲಸ ಜಾಸ್ತಿ ಒಪ್ಪಿಕೊಂಡಿದ್ದೆವು. ಆಷಾಢ ಬರುವುದರೊಳಗೆ ಎಲ್ಲ ಮುಗಿಸಬೇಕಿತ್ತು. ಅದಕ್ಕೇ ಪ್ಲಾನ್ 300ಕ್ಕೆ ಏರಿಸಿಕೊಂಡೆವು. ಡೌನ್‌ಲೋಡ್ 300, ಅಪ್‌ಲೋಡ್ ಕೂಡ 300.

ಹಣ ಕಟ್ಟಿದ ಸಂಜೆಯೇ ಸ್ಪೀಡ್ ಟೆಸ್ಟ್ ಮಾಡಿದೆ. 94 ಬಂತು. ಬೆಳಗ್ಗೆಗೆ ಬದಲಾಗಬಹುದು ಅಂದುಕೊಂಡೆ. ಬೆಳಗ್ಗೆ 94.2. ಫೈಲ್ ಕಳಿಸಿ ನೋಡಿದರೆ ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ ಈಗಲೂ ಅಷ್ಟೇ. 60 ಜಿಬಿ ಹೋಗಲು ಹತ್ತಿರ ಹತ್ತಿರ ಒಂದೂವರೆ ಗಂಟೆ.

ಕಂಪನಿಗೆ ಫೋನ್ ಮಾಡಿದೆ. ಮರುದಿನ ಒಬ್ಬ ಹುಡುಗ ಬಂದ. ಕೈಯಲ್ಲಿದ್ದ ಪುಟ್ಟ ಮೀಟರಿಗೆ ಫೈಬರ್ ಸಿಕ್ಕಿಸಿದ. ಒಳಗೆ ಬರುವ ಬೆಳಕಿನ ಬಲ ಮೈನಸ್ 19 ಅಂತ ತೋರಿಸಿತು. "ಲೈಟ್ ಚೆನ್ನಾಗಿದೆ ಅಕ್ಕ, ಮೈನಸ್ 27ರ ಹತ್ತಿರ ಹೋದ್ರೆ ಮಾತ್ರ ಯೋಚನೆ ಮಾಡಬೇಕು" ಅಂದ. ಆಮೇಲೆ ತನ್ನ ಲ್ಯಾಪ್‌ಟಾಪನ್ನು ಬಾಕ್ಸಿಗೆ ನೇರವಾಗಿ ಹಾಕಿ ತೋರಿಸಿದ. 296 ಬಂತು. "ನಮ್ಮ ಕಡೆಯಿಂದ ಸರಿಯಾಗಿ ಬರ್ತಿದೆ ಅಕ್ಕ, ನಿಮ್ಮ ಕಂಪ್ಯೂಟರ್ ನೋಡಿಸಿ" ಅಂತ ಹೇಳಿ ಹೊರಟುಹೋದ. ನನಗೆ ಆಗ ಬೇಜಾರಾಯಿತು. ಜವಾಬ್ದಾರಿ ತಪ್ಪಿಸಿಕೊಳ್ಳುತ್ತಿದ್ದಾನೆ ಅನ್ನಿಸಿತು. ಈಗ ನೋಡಿದರೆ ಅವನು ಹೇಳಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಜವೇ ಇತ್ತು. ಅವನು ಬಾಕ್ಸಿನ ತನಕ ನೋಡಿದ. ಬಾಕ್ಸಿನಿಂದ ಮುಂದಕ್ಕೆ ನಾವೇ ನೋಡಬೇಕಿತ್ತು.

ಕಂಪ್ಯೂಟರಿನಿಂದಲೇ ಶುರು ಮಾಡಿದೆ. ಹಿಂದೆ ಏನಾದರೂ ಅಪ್‌ಡೇಟ್ ಇಳಿಯುತ್ತಿದೆಯಾ ಅಂತ ಟಾಸ್ಕ್ ಮ್ಯಾನೇಜರಿನಲ್ಲಿ ನೋಡಿದೆ. ಏನೂ ಇರಲಿಲ್ಲ. ಆಂಟಿವೈರಸ್ ಸ್ವಲ್ಪ ಹೊತ್ತು ನಿಲ್ಲಿಸಿದೆ. ಬೇರೆ ಬ್ರೌಸರಿನಲ್ಲಿ ನೋಡಿದೆ. ನೆಟ್‌ವರ್ಕ್ ಡ್ರೈವರ್ ತೆಗೆದು ಹೊಸದಾಗಿ ಹಾಕಿದೆ. ಎರಡು ದಿನ ಇದರಲ್ಲೇ ಕಳೆಯಿತು. ಪ್ರತಿ ಸಲವೂ ಬಂದ ಸಂಖ್ಯೆಯನ್ನು ಮದುವೆ ಬುಕಿಂಗ್ ಡೈರಿಯ ಕೊನೆಯ ಹಾಳೆಯಲ್ಲಿ ಬರೆದಿಟ್ಟೆ. 94.1, 93.9, 94.3, 94.1.

ಆ ಹಾಳೆ ನೋಡುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ನಿಧಾನ ಆದ ಇಂಟರ್ನೆಟ್ ಹೀಗೆ ಇರುವುದಿಲ್ಲ ಅಲ್ವಾ? ಅದು ಏರುತ್ತದೆ, ಇಳಿಯುತ್ತದೆ. ಸಂಜೆ ಎಲ್ಲರೂ ಸಿನಿಮಾ ನೋಡುವ ಹೊತ್ತಿಗೆ ಕುಸಿಯುತ್ತದೆ, ಮಧ್ಯರಾತ್ರಿ ಚೆನ್ನಾಗಿ ಓಡುತ್ತದೆ. ಇಲ್ಲಿ ಹಗಲು ರಾತ್ರಿ ಒಂದೇ ಸಂಖ್ಯೆ. ಯಾವುದೋ ಒಂದು ಕಡೆ ತಲೆ ತಾಗಿ ನಿಂತ ಹಾಗಿತ್ತು.

ಅದೇ ರಾತ್ರಿ ಹಾಲ್‌ನಲ್ಲಿ ಬಾಕ್ಸಿನ ಪಕ್ಕ ನಿಂತು ಮೊಬೈಲಿನಲ್ಲಿ ವೈಫೈ ಟೆಸ್ಟ್ ಮಾಡಿದೆ. 5 ಗಿಗಾಹರ್ಟ್ಸ್ ವೈಫೈನಲ್ಲಿ 270 ದಾಟಿತು. ವೈರ್ ಅಂದರೆ ಯಾವಾಗಲೂ ವೈಫೈಗಿಂತ ವೇಗ ಅಂತ ನಾನು ನಂಬಿದ್ದೆ. ನಮ್ಮ ಮನೆಯಲ್ಲಿ ವೈರೇ ಹಿಂದೆ ಬಿದ್ದಿತ್ತು.

ನನ್ನ ತಮ್ಮ ಬೆಂಗಳೂರಿನಲ್ಲಿ ಆಫೀಸುಗಳಿಗೆ ನೆಟ್‌ವರ್ಕ್ ಹಾಕಿಕೊಡುವ ಕೆಲಸ ಮಾಡುತ್ತಾನೆ. ಅವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. 94 ಅಂದ ಕೂಡಲೇ, "ಅಕ್ಕ, 94 ಅಂದ್ರೆ ಅದು 100. ನಿನ್ನ ಕಂಪ್ಯೂಟರ್ ಬಾಕ್ಸಿನ ಜೊತೆ 100ರಲ್ಲಿ ಮಾತಾಡ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್ ಒತ್ತಿ, ಲಿಂಕ್ ಸ್ಪೀಡ್ ಎಷ್ಟಿದೆ ನೋಡು" ಅಂದ. ನೋಡಿದೆ. 100/100 ಅಂತ ಇತ್ತು. ನನ್ನ ಕಂಪ್ಯೂಟರಿನಲ್ಲಿ ವೈರ್ ಸಿಕ್ಕಿಸುವ ಪೋರ್ಟ್ 1000ದ್ದು. ಬಾಕ್ಸಿನದೂ 1000ದ್ದೇ.

ಈ 94ರ ಲೆಕ್ಕ ನನಗೆ ತುಂಬ ಹಿಡಿಸಿತು, ಅದಕ್ಕೇ ಬಿಡಿಸಿ ಹೇಳುತ್ತೇನೆ. ನಮ್ಮ ಫೈಲ್ ಇಡಿಯಾಗಿ ತಂತಿಯಲ್ಲಿ ಹೋಗುವುದಿಲ್ಲ. ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಹೋಗುತ್ತದೆ. ಒಂದು ಪೂರ್ತಿ ಪೊಟ್ಟಣ ತಂತಿಯ ಮೇಲೆ 1538 ಬೈಟ್‌ಗಳಷ್ಟು ಜಾಗ ಹಿಡಿಯುತ್ತದೆ. ಅದರಲ್ಲಿ ನಮ್ಮ ಫೈಲಿನ ಭಾಗ 1460. ಮಿಕ್ಕಿದ್ದು ಎಲ್ಲಿಂದ ಎಲ್ಲಿಗೆ ಅನ್ನುವ ವಿಳಾಸ, ತಪ್ಪು ಹಿಡಿಯುವ ಗುರುತು, ಎರಡು ಪೊಟ್ಟಣಗಳ ನಡುವಿನ ಬಿಡುವು. ತಿಪಟೂರಿನಲ್ಲಿ ಕೊಬ್ಬರಿ ತೂಗುವಾಗ ಚೀಲದ ತೂಕ ಕಳೆದು ಹೇಳುತ್ತಾರಲ್ಲ, ಹಾಗೆ. 100ರಲ್ಲಿ ಚೀಲ ಕಳೆದರೆ ಸುಮಾರು 95 ಉಳಿಯುತ್ತದೆ. ಟೆಸ್ಟಿನಲ್ಲಿ 94 ಕಾಣುತ್ತದೆ. ಫೈಲ್ ಕಳಿಸುವಾಗ ಅದೇ ಸಂಖ್ಯೆ ಮೆಗಾಬೈಟಿನಲ್ಲಿ ಬರುತ್ತದೆ. 8 ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ನನಗೆ ಸೆಕೆಂಡಿಗೆ 11.7 ಮೆಗಾಬೈಟ್ ಕಾಣುತ್ತಿತ್ತು. ಅದು ಎಂದೂ 12 ಮುಟ್ಟಿರಲಿಲ್ಲ.

ಲಿಂಕ್ ಯಾಕೆ 100ಕ್ಕೆ ಬೀಳುತ್ತದೆ ಅಂತ ತಮ್ಮನನ್ನು ಕೇಳಿದೆ. ಲ್ಯಾನ್ ಕೇಬಲ್ಲಿನಲ್ಲಿ ಎಂಟು ತಂತಿ, ಎರಡೆರಡು ಹೆಣೆದು ನಾಲ್ಕು ಜೋಡಿ. 1995ರಲ್ಲಿ ಬಂದ 100ರ ಪದ್ಧತಿಗೆ ಎರಡು ಜೋಡಿ ಸಾಕು. 1, 2, 3, 6 ನಂಬರಿನ ತಂತಿಗಳು ಮಾತ್ರ. 1999ರ ಜಿಗಾಬಿಟ್, ಅಂದರೆ 1000ದ ಪದ್ಧತಿಗೆ ನಾಲ್ಕೂ ಜೋಡಿ ಬೇಕು, ಎಂಟರಲ್ಲಿ ಒಂದೂ ಕಡಿಮೆ ಆಗಬಾರದು. ಎರಡು ತುದಿಯ ಪೋರ್ಟುಗಳೂ ಮೊದಲು 1000ಕ್ಕೆ ಒಪ್ಪಿಕೊಳ್ಳುತ್ತವೆ. ತಂತಿ ಸಾಲದೆ ಲಿಂಕ್ ನಿಲ್ಲದಿದ್ದರೆ, ಕೆಲವು ಸಲ ಪ್ರಯತ್ನಿಸಿ, ಕೊನೆಗೆ 100ಕ್ಕೆ ಇಳಿದುಕೊಳ್ಳುತ್ತವೆ. ಆಗ ನೆನಪಾಯಿತು. ನಮ್ಮ ಕಂಪ್ಯೂಟರಿಗೆ ವೈರ್ ಹಾಕಿದರೆ ಪೋರ್ಟಿನ ಲೈಟ್ ಹತ್ತಿ, ಆರಿ, ಮತ್ತೆ ಹತ್ತಿ, ಒಂದಷ್ಟು ಸೆಕೆಂಡ್ ಆದ ಮೇಲೆ ನಿಲ್ಲುತ್ತಿತ್ತು. ಅದು ಹಾಗೇ ಇರಬೇಕೇನೋ ಅಂದುಕೊಂಡಿದ್ದೆ.

ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಕಾರ್ಡಿನ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ, ಸ್ಪೀಡ್ ಮತ್ತು ಡುಪ್ಲೆಕ್ಸ್ ಅನ್ನುವ ಕಡೆ ಆಟೋ ತೆಗೆದು 1 ಜಿಗಾಬಿಟ್ ಅಂತ ಗಟ್ಟಿ ಮಾಡಿ ನೋಡಿದೆ. ಲೈಟೇ ಆರಿಹೋಯಿತು. ಇಂಟರ್ನೆಟ್ ಪೂರ್ತಿ ನಿಂತಿತು. ಮತ್ತೆ ಆಟೋಗೆ ಇಟ್ಟೆ, 94 ಬಂತು. ಯಾರಾದರೂ ಇದನ್ನು ಮಾಡಿದರೆ ದಯವಿಟ್ಟು ಆಟೋಗೇ ವಾಪಸ್ ಇಡಿ. ಒಂದು ತುದಿ 100ಕ್ಕೆ ಗಟ್ಟಿಯಾಗಿ, ಇನ್ನೊಂದು ತುದಿ ಆಟೋದಲ್ಲಿ ಉಳಿದರೆ ಎರಡಕ್ಕೂ ಹೊಂದಾಣಿಕೆ ತಪ್ಪಿ ವೇಗ ಇನ್ನೂ ಕೆಡುತ್ತದೆ.

ಎಂ.ಜಿ. ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೋಗಿ ಎರಡು ಹೊಸ ಕ್ಯಾಟ್ 6 ಪ್ಯಾಚ್ ಕಾರ್ಡ್, ಅಂದರೆ ಸಾಕೆಟ್ಟಿಗೆ ಹಾಕುವ ಚಿಕ್ಕ ಲ್ಯಾನ್ ವೈರ್ ತಂದೆ. ಕೆಳಗೊಂದು, ಮೇಲೊಂದು ಬದಲಾಯಿಸಿದೆ. 94. ಬಾಕ್ಸಿನ ಪೋರ್ಟ್ ಬದಲಿಸಿದೆ. ಕೆಲವು ಬಾಕ್ಸುಗಳಲ್ಲಿ ಒಂದೇ ಪೋರ್ಟ್ ಜಿಗಾಬಿಟ್ ಇದ್ದು ಮಿಕ್ಕವು 100ರವು ಇರುತ್ತವೆ, ಅದನ್ನೂ ನೋಡಿಕೊಳ್ಳಬೇಕು. ನಮ್ಮದರಲ್ಲಿ ಎಲ್ಲವೂ ಜಿಗಾಬಿಟ್.

ಉಳಿದದ್ದು ಕಂಪ್ಯೂಟರ್ ಮತ್ತು ಗೋಡೆ. ಇವೆರಡನ್ನು ಬೇರೆ ಮಾಡಲು ಒಂದೇ ದಾರಿ. ಭಾನುವಾರ ಇವರು ಸಿಪಿಯು ಎತ್ತಿಕೊಂಡರು, ನಾನು ಮಾನಿಟರ್ ಹಿಡಿದುಕೊಂಡೆ. ಮೆಟ್ಟಿಲಿಳಿದು ಹಾಲ್‌ನಲ್ಲಿ ಟಿವಿ ಮುಂದೆ ಇಟ್ಟು, ಅದೇ ಪ್ಯಾಚ್ ಕಾರ್ಡಿನಿಂದ ಬಾಕ್ಸಿಗೆ ನೇರವಾಗಿ ಹಾಕಿದೆವು. ಲೈಟ್ ಸುಮ್ನೆ ಹತ್ತಿ ನಿಂತಿತು. ಲಿಂಕ್ ಸ್ಪೀಡ್ 1000/1000. ಟೆಸ್ಟ್ ಓಡಿಸಿದೆ, 294. ಎರಡು ದಿನ ಡ್ರೈವರ್ ಹಿಂದೆ ಓಡುವ ಮೊದಲೇ ಈ ಕೆಲಸ ಮಾಡಿದ್ದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತಿತ್ತು. ಕಂಪ್ಯೂಟರ್ ಸರಿ. ಬಾಕ್ಸ್ ಸರಿ. ತೊಂದರೆ ಗೋಡೆಯೊಳಗೆ.

ಅಂಗಡಿಯಿಂದ 250 ರೂಪಾಯಿಯ ಲ್ಯಾನ್ ಟೆಸ್ಟರ್ ತಂದೆ. ಎರಡು ತುಂಡು ಇರುತ್ತದೆ. ಒಂದನ್ನು ಕೆಳಗಿನ ಸಾಕೆಟ್ಟಿಗೆ, ಇನ್ನೊಂದನ್ನು ಮೇಲಿನ ಸಾಕೆಟ್ಟಿಗೆ ಹಾಕಬೇಕು. ಒಂದರಿಂದ ಎಂಟರ ತನಕ ಲೈಟುಗಳು ಸಾಲಾಗಿ ಹತ್ತುತ್ತಾ ಹೋಗುತ್ತವೆ. ಇವರು ಕೆಳಗೆ ನಿಂತರು, ನಾನು ಮೇಲೆ. ಒಂದು ಹತ್ತಿತು. ಎರಡು ಹತ್ತಿತು. ಮೂರು ಹತ್ತಿತು. ನಾಲ್ಕು, ಐದು ಕತ್ತಲು. ಆರು ಹತ್ತಿತು. ಏಳು, ಎಂಟು ಕತ್ತಲು. ತಮ್ಮ ಹೇಳಿದ ಅದೇ ನಾಲ್ಕು ತಂತಿ ಮಾತ್ರ ಬದುಕಿದ್ದವು.

ಇಲಿ ಕಡಿದಿರಬೇಕು ಅಂದರು ಇವರು. ನನಗೆ ಹಾಗನ್ನಿಸಲಿಲ್ಲ. ಇಲಿ ಅಷ್ಟು ಲೆಕ್ಕ ಹಾಕಿ ಎರಡೇ ಜೋಡಿ ಕಡಿಯುತ್ತದೆಯೇ? ಸ್ಕ್ರೂ ಡ್ರೈವರ್ ತಂದು ಕೆಳಗಿನ ಸಾಕೆಟ್ಟಿನ ಪ್ಲೇಟ್ ಬಿಚ್ಚಿದೆ. ಕಿತ್ತಳೆ ಜೋಡಿ, ಹಸಿರು ಜೋಡಿ ಸಾಕೆಟ್ಟಿಗೆ ಹೋಗಿದ್ದವು. ನೀಲಿ ಜೋಡಿ, ಕಂದು ಜೋಡಿಯನ್ನು ಹೊರಗೆಳೆದು, ಬೇರೊಂದು ವೈರಿಗೆ ತಿರುಚಿ, ಕರಿ ಟೇಪ್ ಸುತ್ತಿದ್ದರು. ಆ ವೈರ್ ಕಿಟಕಿ ಪಕ್ಕದಿಂದ ಗೇಟಿನ ಕಡೆ ಹೋಗಿತ್ತು. ಮೇಲಿನ ಪ್ಲೇಟ್ ಬಿಚ್ಚಿದರೆ ಅಲ್ಲೂ ಅದೇ. ಅಲ್ಲಿಂದ ಹೊರಟ ಎರಡು ಜೋಡಿ ನನ್ನ ಟೇಬಲ್ ಹಿಂದಿನ ಕ್ಯಾಮೆರಾ ರೆಕಾರ್ಡರ್ ಸೇರಿದ್ದವು.

2021ರಲ್ಲಿ ಗೇಟಿಗೆ ಸಿಸಿಟಿವಿ ಹಾಕಿಸಿದ್ದೆವು. ಅವತ್ತು ನಾವಿಬ್ಬರೂ ಗುಬ್ಬಿಯಲ್ಲಿ ಒಂದು ಮದುವೆಗೆ ಹೋಗಿದ್ದೆವು. ಮನೆಯಲ್ಲಿ ಅತ್ತೆ ಒಬ್ಬರೇ ಇದ್ದರು. ಅವರನ್ನು ಕೇಳಿದೆ.

"ಹೌದು ಕಣಮ್ಮ," ಅಂದರು. "ಪೈಪಿನಲ್ಲಿ ಇನ್ನೊಂದು ವೈರ್ ಹೋಗಲ್ಲ ಅಮ್ಮ, ಗೋಡೆ ಒಡೀಬೇಕು ಅಂದ. ಹೊಸ ಪೇಂಟ್ ಹೊಡೆಸಿದ್ವಲ್ಲ, ಗೋಡೆ ಒಡೀಬೇಡಪ್ಪ ಅಂದೆ. ಇರೋ ವೈರಲ್ಲೇ ಮಾಡಿಕೊಡ್ತೀನಿ, ಇಂಟರ್‌ನೆಟ್ಟಿಗೆ ಏನೂ ಆಗಲ್ಲ ಅಂದ. ನಾನೇ ಹೂಂ ಅಂದೆ."

ಕ್ಯಾಮೆರಾ ಹಾಕಿದವನ ಮಾತು ಆವತ್ತಿಗೆ ಸುಳ್ಳೂ ಅಲ್ಲ. ಒಂದು ಜೋಡಿಯಲ್ಲಿ ಕ್ಯಾಮೆರಾದ ಚಿತ್ರ ಬರುತ್ತಿತ್ತು, ಇನ್ನೊಂದರಲ್ಲಿ ಅದಕ್ಕೆ 12 ವೋಲ್ಟ್ ಹೋಗುತ್ತಿತ್ತು. ನಮ್ಮ ಪ್ಲಾನ್ ಆಗ 100. ಇಂಟರ್ನೆಟ್ ಮಿಕ್ಕ ಎರಡು ಜೋಡಿಯಲ್ಲಿ 94 ಓಡುತ್ತಿತ್ತು. 100ರ ಪ್ಲಾನಿಗೆ 94 ಬಂದರೆ ಯಾರು ತಾನೇ ಅನುಮಾನ ಪಡುತ್ತಾರೆ? ತೊಂದರೆ ಅಷ್ಟು ವರ್ಷದಿಂದ ಗೋಡೆಯೊಳಗೇ ಇತ್ತು. ನಾವು 300 ಕೇಳಿದ ದಿನ ಹೊರಗೆ ಬಂತು.

ಕ್ಯಾಮೆರಾ ತೆಗೆಯುವ ಮಾತೇ ಇಲ್ಲ. ನಾವು ಊರೂರು ತಿರುಗುವವರು. ಅತ್ತೆ ಒಬ್ಬರೇ ಇರುವಾಗ ಗೇಟಿನಲ್ಲಿ ಯಾರಿದ್ದಾರೆ ಅಂತ ಟಿವಿಯಲ್ಲಿ ನೋಡಿಯೇ ಬಾಗಿಲು ತೆಗೆಯುತ್ತಾರೆ. ಹಾಗಾಗಿ ಹಳೆ ಕೇಬಲ್ಲನ್ನು ಕ್ಯಾಮೆರಾಕ್ಕೆ ಬಿಟ್ಟು, ಕಂಪ್ಯೂಟರಿಗೆ ಹೊಸದು ಎಳೆಯುವುದು ಅಂತಾಯಿತು. ಆದರೆ ಎಲ್ಲಿಂದ? ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಅಣ್ಣನನ್ನು ಕರೆಸಿದೆವು. ಕರೆಂಟ್ ಪೈಪಿನಲ್ಲಿ ಜಾಗ ಇತ್ತು. ಅದರಲ್ಲಿ ಬೇಡ ಅಂದೆ. 230 ವೋಲ್ಟಿನ ವೈರ್ ಜೊತೆ ಲ್ಯಾನ್ ಕೇಬಲ್ ಒಂದೇ ಪೈಪಿನಲ್ಲಿ ಇರಬಾರದು, ಸಿಗ್ನಲ್‌ಗೂ ತೊಂದರೆ, ಜೀವಕ್ಕೂ ಅಪಾಯ. ಅವರು ಮನೆಯೆಲ್ಲ ಒಂದು ಸುತ್ತು ಹಾಕಿ ಬಂದು ಕೇಳಿದರು, "ಅಕ್ಕ, ಹಳೆ ಕೇಬಲ್ ಟಿವಿ ವೈರ್ ಈಗ್ಲೂ ಉಪಯೋಗಿಸ್ತಿದ್ದೀರಾ?"

ಇಲ್ಲ. ಟಿವಿ ಈಗ ಇಂಟರ್ನೆಟ್ಟಿನಲ್ಲೇ ಬರುತ್ತದೆ. ಆದರೆ ಆ ದಪ್ಪ ಕೇಬಲ್ ಇನ್ನೂ ತನ್ನ ಪೈಪಿನಲ್ಲೇ ಮಲಗಿತ್ತು. ಹಾಲ್‌ನಿಂದ ತಾರಸಿಗೆ, ತಾರಸಿಯಿಂದ ನನ್ನ ರೂಮಿಗೆ. ಅದನ್ನೇ ಹಗ್ಗದ ಹಾಗೆ ಉಪಯೋಗಿಸಬಹುದು ಅಂದರು. ನನಗೆ ಬಹಳ ಖುಷಿಯಾಯಿತು. ಬೇಡವಾಗಿ ಬಿದ್ದಿದ್ದ ವೈರ್ ಹೊಸದಕ್ಕೆ ದಾರಿ ಮಾಡಿಕೊಡುತ್ತದೆ.

ಅಳೆದರೆ 22 ಮೀಟರ್ ಆಯಿತು. 100 ಮೀಟರ್ ತನಕ ಲ್ಯಾನ್ ಕೇಬಲ್ ಓಡಿಸಬಹುದು, ಅದರ ಚಿಂತೆ ಇಲ್ಲ. ಅಂಗಡಿಯಲ್ಲಿ ಎರಡು ಬೆಲೆಯ ಕ್ಯಾಟ್ 6 ತೋರಿಸಿದರು. ಅಗ್ಗದ್ದರ ಒಳಗಿನ ತಂತಿ ತಾಮ್ರದ ಬಣ್ಣದ್ದೇ, ಆದರೆ ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣಿಸಿತು. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುವ ಸರಕು ಅದು. ಬಾಗಿಸಿದರೆ ಬೇಗ ಮುರಿಯುತ್ತದೆ. ಪೂರ್ತಿ ತಾಮ್ರದ್ದನ್ನೇ 25 ಮೀಟರ್ ತಂದೆವು.

ಹೊಸ ಕೇಬಲ್ಲಿನ ತುದಿಯನ್ನು ಹಳೆಯದರ ತುದಿಗೆ ಸೇರಿಸಿ, ಗಂಟು ದಪ್ಪ ಆಗದ ಹಾಗೆ, ಬತ್ತಿ ಹೊಸೆದಂತೆ ಟೇಪ್ ಸುತ್ತಿದರು ಅಣ್ಣ. ಅತ್ತೆ ಪೌಡರ್ ಡಬ್ಬಿ ತಂದುಕೊಟ್ಟರು. ಕೇಬಲ್ ಜಾರಲೆಂದು ಪೌಡರ್ ಸವರುತ್ತಾ ನಾನು ಕೆಳಗಿನಿಂದ ಒಳಗೆ ತೂರಿಸಿದೆ. ಅಣ್ಣ ತಾರಸಿಯ ಮೇಲಿನಿಂದ ಎಳೆದರು. ಎಂಟು ಮೀಟರ್ ಸರಾಗವಾಗಿ ಹೋಯಿತು. ಬೆಂಡಿನಲ್ಲಿ ಸಿಕ್ಕಿಕೊಂಡಿತು. ಇವರು ಜೋರಾಗಿ ಎಳೆಯಲು ಹೋದರು. ನಾನು ಬಿಡಲಿಲ್ಲ. ಸುಮಾರು 11 ಕೆಜಿ ತೂಕಕ್ಕಿಂತ ಜಾಸ್ತಿ ಎಳೆತ ಬಿದ್ದರೆ ಒಳಗಿನ ಹೆಣಿಗೆ ಹಿಗ್ಗಿಹೋಗುತ್ತದೆ ಅಂತ ತಮ್ಮ ಎಚ್ಚರಿಸಿದ್ದ. ಒಂದು ಗೇಣು ವಾಪಸ್ ಬಿಟ್ಟು, ತಿರುಗಿಸಿ, ಮತ್ತೆ ಎಳೆದೆವು. ಮೂರನೇ ಸಲಕ್ಕೆ ಬೆಂಡ್ ದಾಟಿತು. ಮಧ್ಯಾಹ್ನ ಊಟದ ಹೊತ್ತಿಗೆ ಹೊಸ ಕೇಬಲ್ ನನ್ನ ರೂಮಿನ ಗೋಡೆಯಿಂದ ಹೊರಗೆ ಇಣುಕಿತು.

ಕೇಬಲ್ಲಿನ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವ ಕೆಲಸ, ಅಂದರೆ ಕ್ರಿಂಪ್, ನಾನೇ ಮಾಡುತ್ತೇನೆ ಅಂದೆ. ಎಂಟು ತಂತಿಯನ್ನು ಜೋಡಿ ಜೋಡಿಯಾಗಿ ಸಾಲಿಗೆ ಇಟ್ಟೆ. ಕಿತ್ತಳೆ ಎರಡು, ಹಸಿರು ಎರಡು, ನೀಲಿ ಎರಡು, ಕಂದು ಎರಡು. ಎರಡು ತುದಿಯಲ್ಲೂ ಅದೇ ಸಾಲು. ಟೆಸ್ಟರ್ ಹಾಕಿದೆ. ಎಂಟೂ ಲೈಟ್ ಸಾಲಾಗಿ ಹತ್ತಿದವು. ಕಂಪ್ಯೂಟರಿಗೆ ಹಾಕಿದೆ. ಲಿಂಕ್ 1000 ತೋರಿಸಿ ಬಿತ್ತು. ಮತ್ತೆ ಎದ್ದಿತು. ಟೆಸ್ಟ್ ಮಾಡಿದರೆ ಒಮ್ಮೆ 38, ಒಮ್ಮೆ 110, ಒಮ್ಮೆ ಏನೂ ಇಲ್ಲ. ಅಷ್ಟು ದಿನ 94ರಲ್ಲಿ ಅಲುಗಾಡದೆ ನಿಂತಿದ್ದದ್ದು ಈಗ ಕುಣಿಯುತ್ತಿತ್ತು. ಇದು ಬೇರೆಯೇ ರೋಗ ಅಂತ ಗೊತ್ತಾಯಿತು.

ತಮ್ಮನಿಗೆ ಕನೆಕ್ಟರಿನ ಫೋಟೊ ಕಳಿಸಿದೆ. ಕೂಡಲೇ ಫೋನ್ ಬಂತು. "ಅಕ್ಕ, ಹಸಿರು ಎರಡನ್ನೂ ಪಕ್ಕ ಪಕ್ಕ ಇಟ್ಟಿದ್ದೀಯ. ಹಸಿರು ಜೋಡಿ 3ಕ್ಕೂ 6ಕ್ಕೂ ಹೋಗಬೇಕು, ನಡುವೆ ನೀಲಿ ಬರಬೇಕು." 3 ಮತ್ತು 6 ಒಂದೇ ಜೋಡಿಯಾಗಿ ಕೆಲಸ ಮಾಡುತ್ತವೆ. ಅವೆರಡೂ ಒಂದಕ್ಕೊಂದು ಹೆಣೆದ ತಂತಿಗಳೇ ಆಗಿರಬೇಕು. ಹೆಣಿಗೆ ಇರುವುದೇ ಪಕ್ಕದ ಜೋಡಿಯ ಗದ್ದಲ ಒಳಗೆ ಬರದಿರಲಿ ಅಂತ. ನಾನು ಒಂದು ಹಸಿರು, ಒಂದು ನೀಲಿ ಸೇರಿಸಿ ಜೋಡಿ ಒಡೆದಿದ್ದೆ. ಟೆಸ್ಟರ್ ಇದನ್ನು ಹಿಡಿಯುವುದಿಲ್ಲ. ಈ ತುದಿಯ 3 ಆ ತುದಿಯ 3ಕ್ಕೆ ಮುಟ್ಟಿದೆಯಾ ಅಂತ ಮಾತ್ರ ಅದು ನೋಡುತ್ತದೆ. ಯಾವ ತಂತಿ ಯಾವುದರ ಜೊತೆ ಹೆಣೆದಿದೆ ಅನ್ನುವುದು ಅದಕ್ಕೆ ತಿಳಿಯದು. ಎಂಟು ಲೈಟ್ ಹತ್ತಿದ ಮಾತ್ರಕ್ಕೆ ಕೇಬಲ್ ಸರಿ ಇದೆ ಅಂತ ಅಲ್ಲ.

ಎರಡೂ ಕನೆಕ್ಟರ್ ಕತ್ತರಿಸಿ ಎಸೆದೆ. ಸರಿಯಾದ ಸಾಲನ್ನು ಡೈರಿಯಲ್ಲಿ ಬರೆದುಕೊಂಡೆ. ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಹೆಣಿಗೆಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚದೆ, ಕನೆಕ್ಟರಿನ ಕೊನೆಯ ತನಕ ತಂತಿ ತಳ್ಳಿ, ಹೊರಗಿನ ಸಿಪ್ಪೆಯೂ ಒಳಗೆ ಸಿಕ್ಕಿಕೊಳ್ಳುವ ಹಾಗೆ ಒತ್ತಿದೆ. ಕೈ ನೋಯುತ್ತಿತ್ತು. ರಾತ್ರಿ ಹತ್ತು ಗಂಟೆಗೆ ಕಂಪ್ಯೂಟರಿಗೆ ಹಾಕಿದೆ. ಲೈಟ್ ಹತ್ತಿ ನಿಂತಿತು. 1000/1000. ಟೆಸ್ಟ್ 293.

ಆವತ್ತೇ ಕ್ಯಾತಸಂದ್ರದ ಒಂದು ಮದುವೆಯ 60 ಜಿಬಿ ಕಳಿಸಲು ಬಾಕಿ ಇತ್ತು. ಸೆಕೆಂಡಿಗೆ 35 ಮೆಗಾಬೈಟ್ ದಾಟಿ ಓಡುತ್ತಿತ್ತು. ಕೆಳಗೆ ಹೋಗಿ ಊಟ ಮಾಡಿ, ಪಾತ್ರೆ ತೊಳೆದು ಮೇಲೆ ಬರುವಷ್ಟರಲ್ಲಿ ಮುಗಿದಿತ್ತು. ಅರ್ಧ ಗಂಟೆಯೂ ಆಗಿರಲಿಲ್ಲ.

ಮರುದಿನ ಎರಡೂ ಪ್ಲೇಟುಗಳನ್ನು ಮುಚ್ಚುವ ಮೊದಲು ದಪ್ಪ ಕಾಗದದಲ್ಲಿ ಬರೆದು ಒಳಗೆ ಅಂಟಿಸಿದೆ. ಹಳೆ ಕೇಬಲ್ ಗೇಟಿನ ಕ್ಯಾಮೆರಾಕ್ಕೆ. ಹೊಸದು ಟಿವಿ ಪೈಪಿನಲ್ಲಿದೆ, ಕಂಪ್ಯೂಟರಿಗೆ, ಎಂಟೂ ತಂತಿ ಬೇಕು, ಯಾವುದನ್ನೂ ತೆಗೆಯಬೇಡಿ. ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. "ದೊಡ್ಡ ಅಕ್ಷರದಲ್ಲಿ ನಂಗೂ ಒಂದು ಬರ್ಕೊಡಮ್ಮ, ನೀವಿಲ್ದಾಗ ಯಾರಾದ್ರೂ ಬಂದ್ರೆ ತೋರಿಸ್ತೀನಿ" ಅಂದರು. ಬರೆದುಕೊಟ್ಟೆ. ಈಗ ಅದು ಅವರ ಕ್ಯಾಲೆಂಡರಿನ ಮೊಳೆಯಲ್ಲಿ ನೇತಾಡುತ್ತಿದೆ.